ಎದುರಿನ ಚಾಪೆ

ಮನೋರಮಾ ಟೀಚರ್ ಮನಸ್ಸು ಮಾಡಿದರೆ ಯಾವ ಶಬ್ದಕ್ಕೆ ಬೇಕಾದರೂ ರಜೆ ಕೊಡಬಲ್ಲರು ಎನ್ನುವುದು ಆ ಶಾಲೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಬಂದವರೇ ಕರಿಹಲಗೆಯ ಮೂಲೆಯಲ್ಲಿ ಒಂದು ಶಬ್ದ ಬರೆದು ಅದರ ಸುತ್ತ ಗೆರೆ ಎಳೆದರೆಂದರೆ ಮುಗಿಯಿತು, ಆ ವಾರವಿಡೀ ಆ ಶಬ್ದಕ್ಕೆ ರಜೆ. ಯಾರೂ ಅದನ್ನು ಬಾಯಿಗೆ ತರುವಂತಿಲ್ಲ. ಮೊದಲು ರಜೆ ಸಿಕ್ಕಿದ್ದು 'ಚಂದ' ಎಂಬ ಶಬ್ದಕ್ಕೆ. ಪಾಪ, ಅದು ದುಡಿದು ದುಡಿದು ಸೋತುಹೋಗಿತ್ತು. ಕಡಲೂ ಚಂದ, ಐಸ್‌ಕ್ರೀಮೂ ಚಂದ, ಮದುವೆಗೆ ಬಂದ ಚಿಕ್ಕಮ್ಮನ ಸೀರೆಯೂ ಚಂದ, ಕೊನೆಗೆ ಸತ್ತುಬಿದ್ದ ಪಾರಿವಾಳ ಕೂಡ 'ಚಂದ ಇಲ್ಲ'. ರಜೆ ಕೊಟ್ಟ ಮೊದಲ ದಿನ ತರಗತಿಯೇ ಮೂಕವಾಯಿತು. ಶುಕ್ರವಾರದ ಹೊತ್ತಿಗೆ ಸೊಗಸು, ಲಕ್ಷಣ, ಬೆಡಗು, ನವಿರು, ಕಣ್ಣಿಗೆ ತಂಪು ಎಂದು ಒಂದೊಂದಾಗಿ ಮೂಲೆ ಮೂಲೆಯಿಂದ ಎದ್ದು ಬಂದವು.

ಎರಡನೆಯ ವಾರ ಟೀಚರ್ ಇನ್ನೂ ದೊಡ್ಡದಕ್ಕೇ ಕೈಹಾಕಿದರು. 'ಮಾಡು' ಎಂಬುದಕ್ಕೆ ರಜೆ.

"ಹಾಗಾದರೆ ಅಮ್ಮ ಫಿಶ್ ಫ್ರೈ ಮಾಡಿದ್ದನ್ನು ಹೇಗೆ ಹೇಳುವುದು ಟೀಚರ್?" ಎಂದು ಪ್ರತೀಕ್ ಕೇಳಿದ. ಆರನೇ ತರಗತಿಯ ದೊಡ್ಡ ಬಾಯಿ ಅವನದ್ದು.

"ಅಮ್ಮ ಮೀನು ಕಾಯಿಸಿದರು ಅಂತ ಹೇಳು ಮಾರಾಯ. ನಿನ್ನ ಅಜ್ಜಿ ಹಾಗೆಯೇ ಹೇಳುವುದಲ್ವಾ?"

"ಅದು ತುಳುವಿನಲ್ಲಿ."

"ಇರಲಿ. ತುಳುವಿನಿಂದ ಎತ್ತಿಕೊಂಡು ಬಾ, ಕೊಂಕಣಿಯಿಂದ ತಾ, ಬ್ಯಾರಿಯಿಂದ ತಾ. ಕನ್ನಡದಲ್ಲಿ ಅದಕ್ಕೆ ಎಂತ ಉಂಟು ಅಂತ ಇಲ್ಲಿ ಒಟ್ಟಿಗೆ ಹುಡುಕುವ."

ಕಲ್ಯಾಣಪುರದಿಂದ ಕೆಮ್ಮಣ್ಣಿಗೆ ಹೋಗುವ ದಾರಿಯಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತ ಆ ಶಾಲೆಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಹುಡುಕಿದರೂ ಸಿಗುತ್ತಿರಲಿಲ್ಲ. ಕನ್ನಡವನ್ನು ಬೆಳಿಗ್ಗೆ ಸಮವಸ್ತ್ರದ ಜೊತೆ ಹಾಕಿಕೊಂಡು ಬಂದು, ಸಂಜೆ ಸಮವಸ್ತ್ರದ ಜೊತೆಗೇ ಬಿಚ್ಚಿಡುತ್ತಿದ್ದರು. ಪಠ್ಯದ ಹಿಂದೆ ಕೊಟ್ಟ ಪದಗಳ ಅರ್ಥ ಬಾಯಿಪಾಠ ಒಪ್ಪಿಸುವುದರಲ್ಲಿ ಅವರೇನೂ ಹಿಂದೆ ಬಿದ್ದವರಲ್ಲ. ಆದರೆ ಆ ಪದಗಳು ಪರೀಕ್ಷೆ ಮುಗಿದ ಮರುದಿನವೇ ಕೈಕೊಡುತ್ತಿದ್ದವು. ಆಡದ ಮಾತು ಯಾರ ಬಳಿಯೂ ಉಳಿಯುವುದಿಲ್ಲ ಎಂಬುದು ಮನೋರಮಾ ಟೀಚರಿಗೆ ವರ್ಷಗಳಿಂದ ಹೊಟ್ಟೆಯೊಳಗಿದ್ದ ಸಂಕಟ. ಆ ಸಂಕಟದಿಂದಲೇ ಅವರು ಸಂಜೆ ನಾಲ್ಕರಿಂದ ಐದರ ತನಕದ ಚಾಪೆಯ ಆಟ ಶುರುಮಾಡಿದ್ದು.

ಅದು ಅವರದೇ ಕಲ್ಪನೆ ಎಂದು ಯಾರಾದರೂ ಹೊಗಳಿದರೆ ಅವರು ಒಪ್ಪುತ್ತಿರಲಿಲ್ಲ. ಅವರ ತಂದೆ ಅಣ್ಣು ಶೆಟ್ಟರು ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಆಮೇಲೆ ಎದುರುಬದುರು ಕೂತ ಇಬ್ಬರು ತಾವೇ ಪಾತ್ರವಾಗಿ ವಾದಕ್ಕಿಳಿಯುತ್ತಾರೆ. ಬರೆದುಕೊಂಡು ಬಂದದ್ದು ಏನೂ ಇಲ್ಲ, ಆ ಹೊತ್ತಿಗೆ ಹುಟ್ಟಿದ್ದೇ ಮಾತು. ಒಂದೇ ಒಂದು ಇಂಗ್ಲಿಷ್ ಶಬ್ದ ಬಾಯಿಂದ ಜಾರಿದರೂ ಕೂತವರು ಮುಖ ಹಿಂಡುತ್ತಾರೆ. ತುಳುವನ್ನೇ ಉಂಡು ಬೆಳೆದ ಶೆಟ್ಟರು ಆ ಚಾಪೆಯ ಮೇಲೆ ಕೂತೊಡನೆ ಅಷ್ಟು ಕನ್ನಡ ಎಲ್ಲಿಂದ ತರುತ್ತಾರೆ ಎಂದು ಪುಟ್ಟ ಮನೋರಮಾ ಬೆರಗಾಗಿ ಕೂರುತ್ತಿದ್ದಳು.

ಆ ಬೆರಗನ್ನೇ ಟೀಚರ್ ಶಾಲೆಗೆ ತಂದರು. ಬಿಸಿಯೂಟದ ಅಕ್ಕಿ ಇಡುತ್ತಿದ್ದ ಕೋಣೆಯನ್ನು ಗುಡಿಸಿ, ಎರಡು ಚಾಪೆ ಎದುರುಬದುರು ಹಾಸಿದರು. ದೇವರು ದಿಂಡರು ರಾಜರನ್ನೆಲ್ಲ ದೊಡ್ಡವರಿಗೆ ಬಿಟ್ಟು, ಮಕ್ಕಳಿಗೆ ಮನೆಯೊಳಗಿನ ಜಗಳಗಳನ್ನೇ ಕೊಟ್ಟರು. ಛತ್ರಿಗೂ ಮಳೆಗೂ ವಾದ, ಬೆಕ್ಕಿಗೂ ಮೀನಿನ ಬುಟ್ಟಿಗೂ ವಾದ, ತೆಂಗಿನಕಾಯಿಗೂ ತುರಿಮಣೆಗೂ ವಾದ.

ತೆಂಗಿನಕಾಯಿಯ ದಿನವನ್ನು ಇಲ್ಲಿ ಹೇಳಲೇಬೇಕು. ಪ್ರತೀಕ್ ತುರಿಮಣೆ. ಎದುರಿನ ಚಾಪೆಯಲ್ಲಿ ತೆಂಗಿನಕಾಯಿಯಾಗಿ ಕೂತವಳು ಡಿಂಪಲ್. ಆಗ ಅವಳು ಕೇಳಿದ್ದಕ್ಕೆ ತಲೆಯಾಡಿಸುವುದನ್ನು ಬಿಟ್ಟು ಬೇರೆ ಏನೂ ಮಾಡದ ಹುಡುಗಿ. ಮನೆಯಲ್ಲಿ ಕೊಂಕಣಿಯಲ್ಲಿ ಅರಳು ಹುರಿದ ಹಾಗೆ ಮಾತಾಡುವವಳು ಕನ್ನಡದ ಎದುರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಪ್ರತೀಕ್ ಶುರುವಿನಲ್ಲೇ ಅಬ್ಬರಿಸಿದ. "ಎಲೈ ತೆಂಗಿನಕಾಯಿಯೇ! ನಾನು ಹಲ್ಲು ತೋರಿಸದಿದ್ದರೆ ನೀನು ಯಾವ ಪದಾರ್ಥಕ್ಕೂ ಒದಗದ ಬರೀ ಗುಂಡು!" ಡಿಂಪಲ್ ಮಾತಿಲ್ಲದೆ ಚಾಪೆಯ ಅಂಚು ಹಿಡಿದುಕೊಂಡಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ಪ್ರತೀಕ್ ಎದೆಯುಬ್ಬಿಸಿ ಎದ್ದು ನಿಂತ.

"ಕೂತುಕೋ," ಎಂದರು ಟೀಚರ್. ಅವರು ಗದರುವುದು ಅಪರೂಪ. "ಎದುರಿನ ಚಾಪೆ ಸುಮ್ಮನಾದರೆ ನೀನು ಯಾರ ಹತ್ತಿರ ಮಾತಾಡ್ತೀ? ಗೋಡೆ ಹತ್ತಿರವಾ? ನನ್ನ ಅಪ್ಪ ಹೇಳ್ತಿದ್ದರು, ಎದುರಿನವ ತಡವರಿಸಿದರೆ ಅವನಿಗೆ ಮಾತು ಎತ್ತಿಕೊಡುವುದು ನಿನ್ನ ಕೆಲಸ ಅಂತ. ಅವಳಿಗೆ ಮಾತ್ರ ಗೊತ್ತಿರುವಂಥದ್ದು ಎಂತದಾದರೂ ಕೇಳು. ಕೇಳಿ, ಕಾದು ಕೂತುಕೋ."

ಪ್ರತೀಕ್ ತಲೆ ಕೆರೆದುಕೊಂಡ. ಮನಸ್ಸಿಲ್ಲದ ಮನಸ್ಸಿನಿಂದ ಕೇಳಿದ, "ನಾನು ತುರಿಯುವಾಗ ನಿನಗೆ ಎಂತ ಆಗ್ತದೆ?"

ಡಿಂಪಲ್ ಬಹಳ ಹೊತ್ತು ನೆಲ ನೋಡಿದಳು. ಯಾರೂ ಅವಸರಪಡಿಸಲಿಲ್ಲ. "ಉರಿಯುತ್ತದೆ," ಎಂದಳು ಕೊನೆಗೆ. "ಆದರೆ ನನ್ನ ಒಳಗೆ ಇಷ್ಟು ಬಿಳಿ ಉಂಟು ಅಂತ ನನಗೂ ಆವಾಗಲೇ ಗೊತ್ತಾದದ್ದು."

ಮನೋರಮಾ ಟೀಚರಿಗೆ ಆ ಸಂಜೆ ಸಿಕ್ಕಿದ ಸಂತೋಷ ಸಂಬಳದ ದಿನವೂ ಸಿಕ್ಕಿದ್ದಿಲ್ಲ. ಅಂದಿನಿಂದ ಚಾಪೆಯ ನಿಯಮಗಳಲ್ಲಿ ಅದೊಂದು ಕಾಯಂ ಆಯಿತು. ಎದುರಿನವರನ್ನು ಸುಮ್ಮನಾಗಿಸಿದವರಿಗೆ ಗೆಲುವಿಲ್ಲ, ಮಾತು ಎತ್ತಿಕೊಡಬೇಕು. ದಿನಾ ಒಂದು ಸಲವಾದರೂ ಟೀಚರ್ ಅದನ್ನು ಹೇಳುತ್ತಿದ್ದರು. ಡಿಂಪಲ್ ಆಮೇಲೆ ನಿಲ್ಲಲೇ ಇಲ್ಲ. ಏಳನೇ ತರಗತಿಗೆ ಬರುವಷ್ಟರಲ್ಲಿ ಅವಳ ಎದುರು ಕೂರಲು ಪ್ರತೀಕನೇ ಎರಡು ಸಲ ಯೋಚಿಸುವಂತಾಯಿತು.

ಹೀಗೆ ನಡೆದುಕೊಂಡು ಬಂದ ಆಟಕ್ಕೆ ಕುತ್ತು ಬಂದದ್ದು ಡಿಂಪಲಳ ತಂದೆಯಿಂದಲೇ.

ಜೆಫ್ರಿ ಕುವೈತಿನಲ್ಲಿ ಬಹಳ ವರ್ಷ ದುಡಿದು ಬಂದು ಸಂತೆಕಟ್ಟೆಯಲ್ಲಿ ಬಣ್ಣದ ಅಂಗಡಿ ಇಟ್ಟವರು. ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರು. ಶಾಲೆಯ ಗೋಡೆಗೆ ಬಣ್ಣ ಬೇಕೆಂದರೆ ಬಾಯಿ ತೆರೆಯುವ ಮೊದಲೇ ಡಬ್ಬ ಕಳಿಸುವ ಮನುಷ್ಯ. ಆದರೆ ಇಂಗ್ಲಿಷ್ ಎಂಬ ವಿಷಯ ಬಂದರೆ ಅವರದ್ದು ಒಂದೇ ಪಟ್ಟು. ಮಣಿಪಾಲದಿಂದ ಒಬ್ಬರು ತರಬೇತುದಾರರು ಬಂದು ದಿನಾ ಒಂದು ಗಂಟೆ ಇಂಗ್ಲಿಷ್ ಮಾತಾಡಲು ಕಲಿಸುತ್ತಾರೆ, ನಾಲ್ಕರಿಂದ ಐದು, ಅದೇ ಕೋಣೆ ಕೊಡಿ ಎಂದು ಅವರು ಮುಖ್ಯೋಪಾಧ್ಯಾಯಿನಿ ಗ್ಲೋರಿಯಾ ಟೀಚರಿಗೆ ಹೇಳಿದ್ದರು. ಕೋಣೆ ಬೇರೆ ಹುಡುಕಬಹುದಿತ್ತು, ಗಂಟೆ ಬೇರೆ ಇರಲಿಲ್ಲ. ಐದಕ್ಕೆ ಮಕ್ಕಳ ರಿಕ್ಷಾಗಳು ಬಂದು ನಿಲ್ಲುತ್ತವೆ.

"ನನಗೆ ನಿಮ್ಮ ಚಾಪೆಯ ಮೇಲೆ ಕೋಪ ಇಲ್ಲ ಟೀಚರ್," ಎಂದಿದ್ದರು ಜೆಫ್ರಿ. ಪೇಟೆಯಲ್ಲಿ ಸಿಕ್ಕಿದರೆ ತುಳುವಿನಲ್ಲಿ ಮಾತಾಡುವವರು ಶಾಲೆಯ ಗೇಟು ದಾಟಿದರೆ ಕನ್ನಡಕ್ಕೆ ಬದಲಾಗುತ್ತಿದ್ದರು. "ಆದರೆ ಇದು ನಾಳೆ ಹೊಟ್ಟೆಗೆ ಹಾಕುವುದಿಲ್ಲ. ಇಂಗ್ಲಿಷ್ ಇಲ್ಲದಿದ್ದರೆ ನಮ್ಮ ಮಕ್ಕಳು ಎಲ್ಲಿ ಹೋದರೂ ಬಾಗಿಲ ಹತ್ತಿರ ನಿಲ್ಲಬೇಕಾಗ್ತದೆ."

ಅದು ಸುಳ್ಳಲ್ಲ ಎಂದು ಮನೋರಮಾ ಟೀಚರಿಗೂ ಗೊತ್ತಿತ್ತು. ಗ್ಲೋರಿಯಾ ಟೀಚರ್ ಅವರನ್ನು ಆಫೀಸಿಗೆ ಕರೆದು ಮೆಲ್ಲನೆ ಒಂದು ದಾರಿ ತೋರಿಸಿದರು. "ಶನಿವಾರ ಕಾರ್ಕಳದಲ್ಲಿ ಮಕ್ಕಳ ತಾಳಮದ್ದಳೆ ಸ್ಪರ್ಧೆ ಉಂಟಲ್ಲ, ಅದರಲ್ಲಿ ಮೊದಲ ಬಹುಮಾನ ತನ್ನಿ. ಸೋಮವಾರದ ಸಭೆಯಲ್ಲಿ ಶೀಲ್ಡನ್ನು ಮೇಜಿನ ಮೇಲೆ ಇಟ್ಟರೆ ನನಗೂ ಮಾತಾಡಲಿಕ್ಕೆ ಧೈರ್ಯ ಬರ್ತದೆ. ಎರಡನೇ ಬಹುಮಾನ, ಸಮಾಧಾನಕರ ಅದೆಲ್ಲ ತಂದರೆ ನನ್ನ ಕೈಯಲ್ಲಿ ಆಗುವುದಿಲ್ಲ ಮನೋರಮಾ."

ಶನಿವಾರ ಕಾರ್ಕಳಕ್ಕೆ ಕರೆದುಕೊಂಡು ಹೋದದ್ದೂ ಜೆಫ್ರಿಯವರೇ, ತಮ್ಮ ಓಮ್ನಿಯಲ್ಲಿ. ತಾನು ಮುಚ್ಚಿಸಬೇಕೆಂದಿದ್ದ ಆಟಕ್ಕೆ ತಾನೇ ಪೆಟ್ರೋಲು ಹಾಕಿ, ದಾರಿಯಲ್ಲಿ ಮಕ್ಕಳಿಗೆ ಗೋಳಿಬಜೆಯನ್ನೂ ಕೊಡಿಸಿದರು. ಮನುಷ್ಯ ಹಾಗೆ. ಮಗಳು ಸ್ಪರ್ಧೆಗೆ ಕೂತಿದ್ದಾಳೆ ಎಂದಮೇಲೆ ಅವಳು ಗೆಲ್ಲಲೇಬೇಕು, ಅದು ಯಾವ ಭಾಷೆಯದ್ದಾದರೇನು.

ಪ್ರತೀಕ್ ಎರಡನೇ ಸುತ್ತಿನಲ್ಲೇ ಉರುಳಿದ. ಅವನು ಸಿಡಿಲು. ಎದುರು ಕೂತ ತೆಂಗಿನಮರವನ್ನು ನಡುಗಿಸುವ ಹಾಗೆ ಗುಡುಗಿ, ಅದೇ ಉಸಿರಿನಲ್ಲಿ, "ಎಲೈ ಮರವೇ, ಟೆನ್ಶನ್ ಯಾಕೆ?" ಎಂದುಬಿಟ್ಟ. ಸಭೆ ಹೋ ಎಂದು ನಕ್ಕಿತು. ಸಿಡಿಲು ಕಣ್ಣೀರು ಹಾಕುತ್ತ ಕೆಳಗಿಳಿದು ಬಂತು. ಡಿಂಪಲ್ ಮಾತ್ರ ಒಂದೊಂದೇ ಸುತ್ತು ದಾಟಿ ಅಂತಿಮಕ್ಕೆ ಬಂದಳು. ಅವಳ ಎದುರಾಳಿ ಅಜೆಕಾರಿನಿಂದ ಬಂದ ವಿಜೇತಾ, ಗದ್ದೆ ಬೇಸಾಯದ ಮನೆಯ ಹುಡುಗಿ.

ಅಂತಿಮದ ನಿಯಮ ಸುಲಭವಾಗಿತ್ತು. ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು. ತನ್ನ ಸರದಿ ಬಂದಾಗ ಯಾರು ಗಂಟೆ ಬಾರಿಸುವ ತನಕ ಸುಮ್ಮನಾಗುತ್ತಾರೋ ಅವರು ಸೋತಂತೆ. ವಿಜೇತಾಳ ಹಿಂದಿನ ಸುತ್ತನ್ನು ಮನೋರಮಾ ಟೀಚರ್ ಕಣ್ಣಿಟ್ಟು ನೋಡಿದ್ದರು. ಹುಡುಗಿಯ ಮಾತು ಗಟ್ಟಿ, ಆದರೆ ಹೆದರಿದರೆ ಗಂಟಲು ಕಟ್ಟುತ್ತದೆ. ಟೀಚರ್ ಡಿಂಪಲಳನ್ನು ವೇದಿಕೆಯ ಬದಿಗೆ ಕರೆದು, ಜಡೆ ಸರಿಮಾಡುವ ನೆಪದಲ್ಲಿ ಬಗ್ಗಿದರು.

"ನೋಡು, ಅವಳು ತಡವರಿಸಿದರೆ ನೀನು ಸುಮ್ಮನಿರು. ಗಂಟೆ ಹೊಡೆಯಲಿ."

ಡಿಂಪಲ್ ತಿರುಗಿ ಅವರ ಮುಖ ನೋಡಿದಳು. "ಮಾತು ಎತ್ತಿಕೊಡುವುದು ಬೇಡವಾ ಟೀಚರ್?"

"ಇವತ್ತೊಂದು ದಿನ ಬೇಡ."

ಹೇಳಿದ ಮೇಲೆ ಟೀಚರಿಗೆ ತಮ್ಮ ಬಾಯಿಯೇ ಕಹಿಯಾದಂತಾಯಿತು. ಆದರೂ ಬಂದು ಕುರ್ಚಿಯಲ್ಲಿ ಕೂತರು. ಸಂಜೆಯ ಆ ಒಂದು ಗಂಟೆ ಉಳಿದರೆ ಎಷ್ಟು ಮಕ್ಕಳ ಬಾಯಿ ತೆರೆಯುತ್ತದೆ, ಅದಕ್ಕಾಗಿ ಒಂದು ದಿನ ಹೀಗಾದರೆ ಏನಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ತೀರ್ಪುಗಾರರು ಕೊಟ್ಟ ವಿಷಯ ಹೊಳೆ ಮತ್ತು ಕಿಂಡಿ ಅಣೆಕಟ್ಟು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ಹೊಳೆಯ ನೀರು ನಿಲ್ಲಿಸುವ ಸಣ್ಣ ಅಣೆಕಟ್ಟು ಅದು, ಈ ಕಡೆಯ ಮಕ್ಕಳೆಲ್ಲ ಅದರ ಮೇಲೆ ನಡೆದು ದಾಟಿದವರೇ. ವಿಜೇತಾ ಹೊಳೆ, ಡಿಂಪಲ್ ಅಣೆಕಟ್ಟು. ಭಾಗವತರು ಸ್ಥಳದಲ್ಲೇ ಕಟ್ಟಿದ ಒಂದು ಪದವನ್ನು ಎತ್ತರದ ದನಿಯಲ್ಲಿ ಹಾಡಿ ನಿಲ್ಲಿಸಿದರು. ಮದ್ದಳೆ ನಿಂತಿತು.

ಡಿಂಪಲ್ ಬೆನ್ನು ನೆಟ್ಟಗೆ ಮಾಡಿದಳು.

"ಎಲೈ ಹೊಳೆಯೇ, ಗುಡ್ಡದಿಂದ ಹೊರಟವಳು ದಾರಿಯಲ್ಲಿ ಒಂದು ಗಳಿಗೆ ಕೂತದ್ದುಂಟೇ? ಯಾರ ಮನೆಯ ಜಗಲಿಯಲ್ಲಾದರೂ ಬೆಲ್ಲ ನೀರು ಕುಡಿದದ್ದುಂಟೇ? ಕಡಲು ಕಡಲು ಎಂದು ಓಡುತ್ತೀಯಲ್ಲ, ಆ ಕಡಲು ನಿನಗೆ ಕೊಟ್ಟದ್ದೇನು? ಉಪ್ಪು! ಬೇಸಿಗೆಯಲ್ಲಿ ಅದೇ ಕಡಲು ನಿನ್ನ ಮೈಮೇಲೆ ಏರಿ ಬಂದು, ಬಾವಿಗಳ ಬಾಯಿ ಕೆಡಿಸಿ, ಗದ್ದೆಗಳನ್ನು ಸುಡುವಾಗ ಅಡ್ಡ ನಿಂತವನು ನಾನು. ನನ್ನನ್ನು ಬೈಯುವ ಮೊದಲು ನಿನ್ನ ಸಿಹಿ ಉಳಿಸಿದ್ದು ಯಾರೆಂದು ಹೇಳು."

ಸಭೆಯಲ್ಲಿ ತಲೆಗಳು ಅಲ್ಲಾಡಿದವು. ಮುದುಕರೊಬ್ಬರು 'ಭಲೇ' ಎಂದರು. ಕಲ್ಯಾಣಪುರದ ಕೊಂಕಣಿ ಹುಡುಗಿ ಎಂದು ತಿಳಿದ ಮೇಲಂತೂ ಪಕ್ಕದವರು ಮನೋರಮಾ ಟೀಚರನ್ನೇ ತಿರುಗಿ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ಜೆಫ್ರಿ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ವಿಜೇತಾ ಶುರುಮಾಡಿದಳು. "ಎಲವೋ ಅಣೆಕಟ್ಟೇ, ಹರಿಯುವುದು ನನ್ನ ಧರ್ಮ. ಅದನ್ನು ತಡೆಯುವುದು... ತಡೆಯುವುದು..."

ಅಷ್ಟೇ. ಹುಡುಗಿಯ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಮದ್ದಳೆಯವರು ಒಂದು ಸಲ ಬೆರಳಾಡಿಸಿ ಉಪಕಾರ ಮಾಡಿ ನೋಡಿದರು. ವಿಜೇತಾ ಮಡಿಲಲ್ಲಿದ್ದ ಕೈಗಳನ್ನು ಒಂದಕ್ಕೊಂದು ಹಿಸುಕಿಕೊಂಡಳು. ಮುಂದಿನ ಸಾಲಿನಲ್ಲಿ ಕೂತ ಅವಳ ಮಾಸ್ತರರು ತಲೆ ಕೆಳಗೆ ಹಾಕಿದರು. ತೀರ್ಪುಗಾರರು ಗಡಿಯಾರ ನೋಡಿದರು. ಗಂಟೆಯ ಹುಡುಗ ಕೋಲು ಕೈಗೆತ್ತಿಕೊಂಡ.

ಹೊಡೆ, ಬೇಗ ಹೊಡೆ ಎಂದು ಮನೋರಮಾ ಟೀಚರ್ ಮನಸ್ಸಿನಲ್ಲೇ ಗಂಟೆಯನ್ನು ಬೇಡುತ್ತಿದ್ದರು. ಡಿಂಪಲ್ ಒಮ್ಮೆ ಅವರ ಕಡೆ ನೋಡಿದಳು. ಆಮೇಲೆ ಎದುರಿನ ಚಾಪೆಯ ಕಡೆಗೆ ಬಗ್ಗಿದಳು.

"ಹೊಳೆಯೇ," ಎಂದಳು, ದನಿ ಮೊದಲಿನಂತಿರಲಿಲ್ಲ, ಪಕ್ಕದ ಮನೆಯವಳನ್ನು ಮಾತಾಡಿಸಿದಂತಿತ್ತು. "ಅವಸರ ಇಲ್ಲ. ಒಂದು ಮಾತು ಕೇಳುತ್ತೇನೆ. ನಾನು ಹಲಗೆ ಇಳಿಸಿದೆ, ನೀನು ನಿಂತೆ. ಓಡುವಾಗ ಕಾಣದೇ ಇದ್ದದ್ದು ನಿಂತಾಗ ನಿನಗೆ ಏನು ಕಂಡಿತು?"

ಹೋಯಿತು, ಎಲ್ಲ ಹೋಯಿತು ಎಂದುಕೊಂಡರು ಮನೋರಮಾ ಟೀಚರ್.

ವಿಜೇತಾ ತಲೆಯೆತ್ತಿದಳು. ಅವಳ ಮುಖಕ್ಕೆ ರಕ್ತ ಬಂತು. ನಿಂತ ನೀರಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕಂಡಿತು ಅಣೆಕಟ್ಟೇ, ಎಲ್ಲ ಕಂಡಿತು," ಎಂದಳು. "ನಿನ್ನ ಮೇಲ್ಗಡೆ ಇದ್ದವರು ನೀರೆತ್ತುವ ಯಂತ್ರ ಇಟ್ಟು ಎರಡನೇ ಬೆಳೆಗೆ, ಮೂರನೇ ಬೆಳೆಗೆ ನನ್ನನ್ನು ಹೀರಿದ್ದು ಕಂಡಿತು. ಅವರ ತೋಟ ಹಸಿರಾದದ್ದು ಕಂಡಿತು, ಅದಕ್ಕೆ ನನಗೆ ಸಂತೋಷವೇ. ಆದರೆ ನಿನ್ನ ಕೆಳಗಡೆ ಒಂದು ಗದ್ದೆ ಉಂಟು. ಅಲ್ಲಿ ಒಬ್ಬಳು ಅಜ್ಜಿ ದಿನಾ ದಡಕ್ಕೆ ಬಂದು, ನಮ್ಮ ಹೊಳೆ ಎಲ್ಲಿ ಹೋಯಿತು ಎಂದು ಕಲ್ಲುಗಳನ್ನು ಕೇಳುತ್ತಾಳೆ. ನಾನು ನಿನ್ನ ಹಲಗೆಯ ಸೆರೆಯಿಂದ ಅವಳನ್ನು ನೋಡುತ್ತೇನೆ. ನಿನಗೆ ಅವಳು ಕಾಣುವುದಿಲ್ಲ ಅಣೆಕಟ್ಟೇ, ಯಾಕೆಂದರೆ ನಿನ್ನ ಬೆನ್ನು ಅವಳ ಕಡೆಗೆ ಉಂಟು!"

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಭಾಗವತರು ಜಾಗಟೆ ಪಕ್ಕಕ್ಕಿಟ್ಟು ತಾವೂ ಚಪ್ಪಾಳೆ ತಟ್ಟಿದರು.

ಈಗ ಡಿಂಪಲಳ ಸರದಿ. ಅವಳು ನಿಜವಾಗಿಯೂ ಸಿಕ್ಕಿಬಿದ್ದಿದ್ದಳು. ನಿಧಾನವಾಗಿ ಹೇಳಿದಳು. "ನನಗೆ ಬೆನ್ನ ಮೇಲೆ ಕಣ್ಣಿಲ್ಲ ಹೊಳೆಯೇ. ನೀನು ಹೇಳಿದ್ದು ಉಪಕಾರವಾಯಿತು. ಆ ಅಜ್ಜಿಗೆ ಹೇಳು, ನಾಳೆಯಿಂದ ಒಂದು ಹಲಗೆ ತೆಗೆದಿಡುತ್ತೇನೆ."

ನಗೆಯೂ ಚಪ್ಪಾಳೆಯೂ ಒಟ್ಟಿಗೆ ಎದ್ದವು. ಯಾವಾಗ ಕುರ್ಚಿ ಬಿಟ್ಟು ಎದ್ದೆ ಎಂಬುದೇ ಮನೋರಮಾ ಟೀಚರಿಗೆ ತಿಳಿಯಲಿಲ್ಲ, ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ಅವರೇ. ಸಂಜೆಯ ಗಂಟೆ ಹೋಯಿತು, ಕೋಣೆ ಹೋಯಿತು, ಆದರೆ ಇಂಥ ಮಾತನ್ನು ಎರಡು ಹೆಣ್ಣುಮಕ್ಕಳು ಸೇರಿ ಕಟ್ಟುವುದನ್ನು ನೋಡಲು ಅಪ್ಪ ಇರಬೇಕಿತ್ತು ಎನಿಸಿ ಅವರ ಕಣ್ಣು ತುಂಬಿತು.

ಅಣೆಕಟ್ಟೇ ಹಲಗೆ ತೆಗೆಯಲು ಒಪ್ಪಿದ ಮೇಲೆ ವಾದ ಮುಗಿದಂತೆಯೇ, ಮೊದಲ ಬಹುಮಾನ ಅಜೆಕಾರಿಗೆ ಹೋಯಿತು. ಅದು ನ್ಯಾಯವೇ. ಎರಡನೇ ಬಹುಮಾನದ ಸಣ್ಣ ಶೀಲ್ಡನ್ನು ಪ್ರತೀಕ್ ಮಡಿಲಲ್ಲಿಟ್ಟುಕೊಂಡು ಓಮ್ನಿ ಹತ್ತಿದ. ಹತ್ತುವ ಮೊದಲು ಟೀಚರ್ ಡಿಂಪಲಳನ್ನು ಒಂದು ಬದಿಗೆ ಕರೆದು ಕೇಳಿದರು.

"ನಾನು ಹೇಳಿದ್ದು ಮರೆತು ಹೋಯಿತಾ?"

"ಇಲ್ಲ ಟೀಚರ್. ಅವಳ ಹತ್ತಿರ ಮಾತು ಇತ್ತು, ಕಣ್ಣು ನೋಡಿದರೆ ಗೊತ್ತಾಗ್ತಿತ್ತು." ಡಿಂಪಲ್ ಚಪ್ಪಲಿಯ ತುದಿಯಿಂದ ನೆಲ ಕೆರೆದಳು. "ಮತ್ತೆ, ಸುಮ್ಮನಿರು ಅಂತ ನೀವು ಒಂದೇ ಸಲ ಹೇಳಿದ್ದು. ಎತ್ತಿಕೊಡು ಅಂತ ಎಷ್ಟೋ ಸಲ ಹೇಳಿದ್ದೀರಲ್ಲ."

ಮನೋರಮಾ ಟೀಚರ್ ಆ ಹುಡುಗಿಯ ತಲೆ ಸವರಿದರು. ನಾಚಿಕೆಯೂ ಹೆಮ್ಮೆಯೂ ಹೀಗೆ ಒಟ್ಟಿಗೆ ಬರುತ್ತವೆ ಎಂದು ಅವರಿಗೆ ಅಂದೇ ತಿಳಿದದ್ದು.

ಹಿಂದಿರುಗುವಾಗ ಬೈಲೂರು ದಾಟಿದರೂ, ಹಿರಿಯಡಕ ದಾಟಿದರೂ ಜೆಫ್ರಿ ಒಂದು ಮಾತೂ ಆಡಲಿಲ್ಲ. ಮಗಳು ಸೋತದ್ದಕ್ಕೆ ಸಿಟ್ಟು ಬಂದಿರಬೇಕು, ಇಲ್ಲವೇ ಇನ್ನು ಕೋಣೆ ತಮ್ಮದೇ ಎಂಬ ನೆಮ್ಮದಿ ಇರಬೇಕು ಎಂದುಕೊಂಡರು ಟೀಚರ್.

ಸೋಮವಾರ ನಾಲ್ಕು ಗಂಟೆಗೆ ಸಭೆ. ಬೆಂಚುಗಳಲ್ಲಿ ಪೋಷಕರು, ಮೇಜಿನ ಹಿಂದೆ ಗ್ಲೋರಿಯಾ ಟೀಚರ್. ಅವರು ಸಣ್ಣ ಶೀಲ್ಡನ್ನು ನೋಡಿ, ಮನೋರಮಾ ಟೀಚರನ್ನು ನೋಡಿ, ಕೈ ಚೆಲ್ಲಿದರು. ಶೌಚಾಲಯದ ಬಾಗಿಲು, ವಾರ್ಷಿಕೋತ್ಸವದ ಶಾಮಿಯಾನ ಎಂದು ಮಾತು ಎಳೆದು ಎಳೆದು, ಇಂಗ್ಲಿಷ್ ತರಗತಿಯ ವಿಷಯ ಬರುವಾಗ ಐದಾಗಲು ಸ್ವಲ್ಪವೇ ಉಳಿದಿತ್ತು. ಐದಕ್ಕೆ ರಿಕ್ಷಾ ಬಂದರೆ ಅರ್ಧ ಸಭೆ ಎದ್ದು ಹೋಗುತ್ತದೆ. ಅಂದು ಮಂಡನೆಯಾಗದ ವಿಷಯ ಮುಂದಿನ ಸಭೆಗೆ, ಮುಂದಿನ ಸಭೆ ಎಂದರೆ ಈ ಶಾಲಾವರ್ಷ ಮುಗಿದ ಹಾಗೆಯೇ.

ಜೆಫ್ರಿ ಎದ್ದು ನಿಂತರು. "ಇಂಗ್ಲಿಷ್ ಕ್ಲಾಸಿನ ಬಗ್ಗೆ ನಾನು ಹೇಳಬೇಕಾದದ್ದು..." ಎಂದರು. ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡರು. "ಅಂದರೆ ಶನಿವಾರ ನಾನು..." ಎಂದು ಮತ್ತೆ ನಿಲ್ಲಿಸಿದರು. ಗಟ್ಟಿ ಆಳು, ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಜೊತೆ ಮಾತಾಡುವವರು, ಬೆಂಚಿನ ಅಂಚು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು. ಯಾರೋ ಕೆಮ್ಮಿದರು. ಹೊರಗೆ ಮೊದಲ ರಿಕ್ಷಾದ ಸದ್ದು ಕೇಳಿತು. ಗ್ಲೋರಿಯಾ ಟೀಚರ್ ಗೋಡೆಯ ಗಡಿಯಾರ ನೋಡಿ, ಮನೋರಮಾ ಟೀಚರಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಸುಮ್ಮನಿರಿ, ಇನ್ನು ಎರಡು ನಿಮಿಷ.

ಎರಡು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ಮನೋರಮಾ ಟೀಚರ್ ಎದ್ದು ನಿಂತರು. ತಮ್ಮ ಕೈಯಾರೆ ತಮ್ಮ ಕೋಣೆಯ ಬೀಗದ ಕೈ ಕೊಡುತ್ತಿದ್ದೇನೆ ಎಂದು ಗೊತ್ತಿದ್ದೇ ಕೇಳಿದರು.

"ಜೆಫ್ರಿಯವರೇ, ಅವಸರ ಇಲ್ಲ. ಶನಿವಾರ ಕಾರ್ಕಳದಲ್ಲಿ ನೀವು ಹಿಂದೆ ಕೂತಿದ್ದಿರಿ. ಅಲ್ಲಿಂದ ನಿಮಗೆ ಎಂತ ಕಂಡಿತು?"

ಜೆಫ್ರಿ ಅವರನ್ನೇ ನೋಡಿದರು.

"ಆಫೀಸು ಕಂಡಿತು ಟೀಚರ್," ಎಂದರು. "ಕುವೈತಿನ ಆಫೀಸು. ಫೋರ್‌ಮನ್ ಕೆಲಸದ ಸಂದರ್ಶನಕ್ಕೆ ನನ್ನನ್ನು ಕರೆದಿದ್ದರು. ಸೈಟಿನಲ್ಲಿ ಕಬ್ಬಿಣದ ಅಟ್ಟಣಿಗೆ ಕುಸಿದಿತ್ತು, ಯಾಕೆ ಕುಸಿಯಿತು ಹೇಳು ಅಂದರು. ನನಗೆ ಗೊತ್ತಿತ್ತು. ಯಾವ ಬೋಲ್ಟು ಸಡಿಲ ಇತ್ತು ಅಂತ ಕೂಡ ಗೊತ್ತಿತ್ತು. ಇಂಗ್ಲಿಷಿನಲ್ಲಿ ಶುರುಮಾಡಿದೆ, ಅರ್ಧದಲ್ಲಿ ಶಬ್ದ ಸಿಗಲಿಲ್ಲ. ಎದುರು ಕೂತವನು ಗಡಿಯಾರ ನೋಡಿದ. ಕಾಗದ ಮಡಚಿದ. ಇನ್ನೊಂದು ರೀತಿಯಲ್ಲಿ ಒಂದು ಸಲ ಕೇಳಿದ್ದರೆ ನಾನು ಹೇಳ್ತಿದ್ದೆ ಟೀಚರ್. ಅವನು ಕೇಳಲಿಲ್ಲ. ಇದನ್ನು ನಾನು ಮನೆಯಲ್ಲಿ ಕೂಡ ಹೇಳಿಲ್ಲ."

ಹೊರಗೆ ರಿಕ್ಷಾಗಳು ಹಾರ್ನ್ ಹೊಡೆದವು. ಒಬ್ಬರೂ ಏಳಲಿಲ್ಲ.

"ಅದಕ್ಕೇ ನಾನು ಇಂಗ್ಲಿಷ್ ಇಂಗ್ಲಿಷ್ ಅಂತ ಬಾಯಿ ಬಡಕೊಳ್ಳುವುದು. ಮಕ್ಕಳಿಗೆ ಇಂಗ್ಲಿಷ್ ಬೇಕು, ಈಗಲೂ ಹೇಳ್ತೇನೆ. ಶನಿವಾರ ಮಧ್ಯಾಹ್ನ ಇಡಿ, ನಾನೇ ಗಾಡಿಯಲ್ಲಿ ಮಕ್ಕಳನ್ನು ಮನೆಗೆ ಬಿಡ್ತೇನೆ. ಆ ನಾಲ್ಕು ಗಂಟೆಯ ಚಾಪೆಗೆ ಕೈ ಹಾಕಬೇಡಿ. ಸ್ಪರ್ಧೆ ಶುರುವಾಗುವ ಮೊದಲು ನಾನು ಮಗಳ ಕಿವಿಯಲ್ಲಿ ಹೇಳಿದ್ದೆ, ಎದುರಿನವಳು ನಿಂತರೆ ನೀನು ಬಾಯಿ ಬಿಡಬೇಡ, ಗೆಲ್ತೀ ಅಂತ."

"ನಾನೂ ಹೇಳಿದ್ದೆ," ಎಂದರು ಮನೋರಮಾ ಟೀಚರ್. ಎಲ್ಲರಿಗೂ ಕೇಳುವಂತೆಯೇ ಹೇಳಿದರು.

ಜೆಫ್ರಿ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಮರೆಮಾಚಲು ಅವರು ಹೋಗಲಿಲ್ಲ.

"ಇಷ್ಟು ವರ್ಷ ಮನಸ್ಸಿನಲ್ಲಿ ಮಗಳನ್ನು ಆ ಆಫೀಸಿನಲ್ಲಿ ನಾನು ಕೂತ ಕುರ್ಚಿಯಲ್ಲೇ ಕೂರಿಸಿ ಹೆದರುತ್ತಾ ಇದ್ದೆ ಟೀಚರ್. ಇವಳಿಗೂ ಶಬ್ದ ಸಿಗದೇ ಹೋದರೆ, ಇವಳೂ ಹಾಗೆ ಎದ್ದು ಬರಬೇಕಾದರೆ ಅಂತ. ಮೊನ್ನೆ ಅವಳು ಮೇಜಿನ ಆ ಕಡೆ, ಆ ಗಡಿಯಾರ ನೋಡಿದವನ ಜಾಗದಲ್ಲಿ ಕೂತಿದ್ದಳು. ಇನ್ನೊಂದು ಸಲ ಕೇಳಿದಳು."